ಪುಣಜನೂರು: ಕಾಡಂಚಿನ ಒಲೆ ಹೇಳುವ ಪಾಠ

ಚಾಮರಾಜನಗರದಿಂದ ಸತ್ಯಮಂಗಲದ ರಸ್ತೆ ಹಿಡಿದರೆ, ಹೊಲಗಳು ಮುಗಿದು ಕಾಡು ಶುರುವಾಗುವಲ್ಲಿ ಸಿಗುವ ಊರು ಪುಣಜನೂರು. ಚೆಕ್‌ಪೋಸ್ಟ್ ದಾಟಿದ ಬಸ್ಸುಗಳು ಕಾಡಿನೊಳಗೆ ಹಾದು ತಮಿಳುನಾಡಿನತ್ತ ಸಾಗುತ್ತವೆ. ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಈ ಸೀಮೆಯಲ್ಲಿ ಹುಲಿ, ಆನೆಗಳ ಜೊತೆಗೆ ಸೋಲಿಗರ ಪೋಡುಗಳೂ ಇವೆ.

ಇಂಥ ಊರುಗಳಲ್ಲಿ ಇಂಧನದ ಉಳಿತಾಯವೆಂದರೆ ಬರಿಯ ಪುಸ್ತಕದ ಮಾತಲ್ಲ. ಒಂದು ಹೊರೆ ಸೌದೆ ಉಳಿದರೆ, ಮನೆಯ ಹೆಂಗಸಿಗೆ ಆನೆ ಓಡಾಡುವ ಹಾದಿಯಲ್ಲಿ ಒಂದು ಸಲದ ನಡಿಗೆ ತಪ್ಪುತ್ತದೆ. ಮಕ್ಕಳ ಕಣ್ಣಿಗೆ ಹೊಗೆಯೂ ಕಡಿಮೆ.

ಮೂರು ಕಲ್ಲಿನ ಒಲೆಯಲ್ಲಿ ಶಾಖದ ಬಹುಪಾಲು ಗಾಳಿಗೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಇದಕ್ಕೆ ಉಪಾಯ ಹುಡುಕಿತು. ಸುತ್ತ ಮುಚ್ಚಿದ ಒಲೆ, ಒಂದೇ ಉರಿಗೆ ಹಲವು ಪಾತ್ರೆ, ಹೊಗೆ ಹೊರಹೋಗಲು ಕೊಳವೆ: ಇದೇ ಅಸ್ತ್ರ ಒಲೆ. ಗುಂಡ್ಲುಪೇಟೆ ಕಡೆ, ಬಂಡೀಪುರದ ಅಂಚಿನ ಹಳ್ಳಿಗಳಿಗೆ ಅಡುಗೆ ಅನಿಲ ತಲುಪಿಸಲು ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ ‘ನಮ್ಮ ಸಂಘ’ ಕಟ್ಟಿದರು. 2016ರಲ್ಲಿ ಉಜ್ವಲಾ ಯೋಜನೆಯೂ ಬಂತು. ಆದರೂ ಸಿಲಿಂಡರ್ ಮತ್ತೆ ತುಂಬಿಸಲು ದುಡ್ಡು ಬೇಕು. ಕೈ ಬರಿದಾದಾಗ ಕಾಲು ಕಾಡಿನತ್ತಲೇ ತಿರುಗುತ್ತದೆ.

ಹುರುಳಿಕಾಳನ್ನು ರಾತ್ರಿಯೇ ನೆನೆಹಾಕುವುದು, ಪಾತ್ರೆಗೆ ಮುಚ್ಚಳ ಮುಚ್ಚುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು: ಇವಕ್ಕೆ ಖರ್ಚಿಲ್ಲ. ಪಟ್ಟಣದ ಅಡುಗೆಮನೆಯಲ್ಲೂ ನಾಳೆಯಿಂದಲೇ ಶುರುಮಾಡಬಹುದು. ಪುಣಜನೂರಿನ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಹಸಿರು ನೋಡಿ ಹಿಗ್ಗುವ ಮಕ್ಕಳು, ಆ ಹಸಿರು ಉಳಿಯುವುದರಲ್ಲಿ ಒಲೆಯ ಪಾಲೂ ಇದೆಯೆಂದು ತಿಳಿದರೆ ಪ್ರವಾಸ ಸಾರ್ಥಕ.