ಬ್ರೂಕ್ಲಿನ್ನಿನಲ್ಲಿ ಒಂದು ಹಬೆಯ ಮನೆ

ಅಮೆರಿಕಾ ದೇಶಕ್ಕೆ ಹೋಗಿಬಂದವರು ಅಲ್ಲಿಯ ಗಗನಚುಂಬಿ ಸೌಧಗಳನ್ನೂ ಮಹಾಸೇತುವೆಗಳನ್ನೂ ವರ್ಣಿಸುವುದು ವಾಡಿಕೆ. ಅವುಗಳನ್ನು ನಾನೂ ನೋಡಿದೆನು. ಆದರೆ ವಾಚಕರಿಗೆ ಹೇಳಬೇಕೆಂದು ನನ್ನ ಮನಸ್ಸಿನಲ್ಲಿ ನಿಂತಿರುವುದು, ಮಗಳ ಮನೆಯಲ್ಲಿ ಕೋಣೆಯ ಮೂಲೆಗೆ ಕುಳಿತಿದ್ದ ಒಂದು ಬೀಡುಕಬ್ಬಿಣದ ವಸ್ತುವಿನ ವೃತ್ತಾಂತ. ಅದು ಮೊದಲು ನನ್ನ ನಿದ್ರೆಯನ್ನು ಕೆಡಿಸಿತು. ಅನಂತರ ನನ್ನ ಅಹಂಕಾರವನ್ನೂ ಸ್ವಲ್ಪಮಟ್ಟಿಗೆ ಮುರಿಯಿತು.

ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ವರ್ಷ, ಮಾರ್ಗಶಿರ ಮಾಸದಲ್ಲಿ, ಸಹಧರ್ಮಿಣಿಯೊಡನೆ ನ್ಯೂಯಾರ್ಕ್ ನಗರವನ್ನು ಸೇರಿದೆನು. ಮಗಳಿಗೆ ಎಂಟು ತಿಂಗಳ ಕೂಸು. ಅವಳು ಆಸ್ಪತ್ರೆಯ ಕೆಲಸಕ್ಕೆ ಮರಳಬೇಕಾಗಿದ್ದಿತು. ಕೂಸನ್ನು ನೋಡಿಕೊಳ್ಳುವುದೇ ನಮ್ಮ ಯಾತ್ರೆಯ ಉದ್ದೇಶ. ಬಂದ ಮೂರನೆಯ ದಿನ ಅಳಿಯಂದಿರು ಮ್ಯಾನ್‌ಹಟನ್ ದ್ವೀಪವನ್ನು ತೋರಿಸಲು ಕರೆದೊಯ್ದರು. ನಡುರಸ್ತೆಯಲ್ಲಿ ನೆಲದೊಳಗಿನಿಂದ ಬಿಳಿಯ ಹಬೆ ಏಳುತ್ತಿರುವುದನ್ನು ಕಂಡು ನಾನು ಗಾಬರಿಗೊಂಡೆನು. ನಮ್ಮಲ್ಲಿ ಮನೆಮನೆಗೆ ನಲ್ಲಿಯ ನೀರನ್ನು ಹಂಚುವಂತೆ, ಅಲ್ಲಿ ೧೮೮೨ರಿಂದಲೂ ರಸ್ತೆಗಳ ಕೆಳಗೆ ಕೊಳವೆಗಳನ್ನು ಹೂಳಿ ಕಟ್ಟಡಗಳಿಗೆ ಹಬೆಯನ್ನು ಹಂಚುತ್ತಿರುವರೆಂದು ಅಳಿಯಂದಿರು ತಿಳಿಸಿದರು.

ಮಗಳ ಮನೆ ಇದ್ದುದು ಬ್ರೂಕ್ಲಿನ್ನಿನಲ್ಲಿ, ಪ್ರಾಸ್ಪೆಕ್ಟ್ ಉದ್ಯಾನದ ದಕ್ಷಿಣಕ್ಕಿರುವ ಫ್ಲ್ಯಾಟ್‌ಬುಷ್ ಎಂಬ ಬಡಾವಣೆಯಲ್ಲಿ. ಅಲ್ಲಿಯ ಕೆಲವು ಬೀದಿಗಳಲ್ಲಿ ನಮ್ಮ ಮಲೆನಾಡಿನ ಮನೆಗಳನ್ನು ನೆನಪಿಗೆ ತರುವಂತಹ, ಮುಂದೆ ಅಗಲವಾದ ಜಗುಲಿಯುಳ್ಳ ಮರದ ಮನೆಗಳಿವೆ. ಎಲೆಯುದುರಿದ ಮರಗಳು, ಮೊಣಕಾಲುದ್ದದ ಹಿಮ, ನಡುಹಗಲಿನಲ್ಲಿಯೂ ಸಂಜೆಯಂತಹ ಬೆಳಕು. ಈ ನಗರದಲ್ಲಿ ಅಕ್ಟೋಬರ್ ೧ರಿಂದ ಮೇ ೩೧ರವರೆಗೆ ಬಾಡಿಗೆಯ ಮನೆಗಳನ್ನು ಬೆಚ್ಚಗಿಡುವುದು ಮಾಲೀಕರಿಗೆ ಕಾನೂನೇ ವಿಧಿಸಿದ ಕರ್ತವ್ಯ. ರಾತ್ರಿಯಲ್ಲಿ ಒಳಗಿನ ಉಷ್ಣತೆ ೬೨ ಡಿಗ್ರಿ ಫ್ಯಾರನ್‌ಹೀಟಿಗಿಂತ ಇಳಿಯಕೂಡದು. ಅಲ್ಲಿ ಉಷ್ಣವೆಂಬುದು ಅನ್ನದಷ್ಟೇ ಆವಶ್ಯಕವಾದ ವಸ್ತು.

ನೂರು ವರ್ಷದ ಆ ಮನೆ ತನ್ನ ಹಬೆಯನ್ನು ತಾನೇ ಕಾಯಿಸಿಕೊಳ್ಳುತ್ತಿದ್ದಿತು. ನೆಲಮಾಳಿಗೆಯಲ್ಲಿ ಬಾಯ್ಲರು, ಅಲ್ಲಿಂದ ಪ್ರತಿ ಕೋಣೆಗೂ ಕಬ್ಬಿಣದ ಕೊಳವೆ, ಕೊಳವೆಯ ಕೊನೆಯಲ್ಲಿ ಮಡಿಸಿಟ್ಟ ಬೀಸಣಿಗೆಯಂತಹ ರೇಡಿಯೇಟರು. ಮೊದಲ ರಾತ್ರಿ ಎರಡು ಗಂಟೆಯ ಸಮಯಕ್ಕೆ ಕಿಟಕಿಯ ಬಳಿ ನಾಗರಹಾವು ಬುಸುಗುಟ್ಟಿದಂತಾಯಿತು. ತೀರ್ಥಹಳ್ಳಿಯ ಸೀಮೆಯವನಾದ ನಾನು ಹಾಸಿಗೆಯಿಂದ ನೆಗೆದು ದೀಪ ಹಾಕಿದೆನು. ಹಾವಿರಲಿಲ್ಲ. ರೇಡಿಯೇಟರಿನ ಪಕ್ಕದಲ್ಲಿ ಹೆಬ್ಬೆರಳಿನ ಗಾತ್ರದ ಒಂದು ಸಣ್ಣ ಬುರುಡೆಯಿದ್ದು, ಅದರ ತಲೆಯ ರಂಧ್ರದಿಂದ ಶಬ್ದ ಹೊರಡುತ್ತಿದ್ದಿತು. ಸ್ವಲ್ಪ ಹೊತ್ತಿಗೆ ಬುಸುಗುಟ್ಟುವಿಕೆ ಸಿಳ್ಳಾಯಿತು. ಕೂಸು ಎಚ್ಚತ್ತು ಅಳತೊಡಗಿತು.

“ಅದು ಹಾಗೆಯೇ ಅಪ್ಪಯ್ಯ, ರೂಢಿಯಾಗುತ್ತದೆ. ನೀವು ಅದನ್ನು ಮುಟ್ಟಬೇಡಿ” ಎಂದು ಮಗಳು ಹೇಳಿದಳು.

ಮೂವತ್ತು ವರ್ಷಗಳ ಕಾಲ ಐವತ್ತು ಹುಡುಗರ ತರಗತಿಯನ್ನು ಒಂದೇ ನೋಟದಿಂದ ನಿಶ್ಶಬ್ದಗೊಳಿಸಿದ ನನಗೆ ಈ ಮಾತು ರುಚಿಸಲಿಲ್ಲ. ಮರುವಾರ ಮಗಳು ರಾತ್ರಿಯ ಪಾಳಿಗೆ ಹೋಗಿದ್ದಳು, ಅಳಿಯಂದಿರು ಊರಿನಲ್ಲಿರಲಿಲ್ಲ. ರೇಡಿಯೇಟರಿನ ಬುಡದ ತಿರುಪನ್ನು ಅರ್ಧದಷ್ಟು ತಿರುಗಿಸಿದೆನು. ಬುಸುಗುಟ್ಟುವುದು ತಗ್ಗಿತು, ಬದಲಾಗಿ ಕೊಳವೆಯೊಳಗೆ ಕಮ್ಮಾರನು ಸುತ್ತಿಗೆಯಿಂದ ಬಡಿಯುವಂತೆ ಸದ್ದು ಮೊದಲಾಯಿತು. ತಿರುಪನ್ನು ಹಿಂದಿನಂತೆ ಮಾಡಿ, ಒಂದು ಹಲ್ಲುಕಡ್ಡಿಯನ್ನು ಬುರುಡೆಯ ರಂಧ್ರಕ್ಕೆ ಬಿಗಿಯಾಗಿ ಚುಚ್ಚಿ ಮುರಿದುಬಿಟ್ಟೆನು. ಕೂಡಲೇ ಕೋಣೆಯೆಲ್ಲ ನಿಶ್ಶಬ್ದವಾಯಿತು. ವಿಜಯಿಯಂತೆ ಹೊದ್ದು ಮಲಗಿದೆನು.

ನಾಲ್ಕು ಗಂಟೆಗೆ ಸಹಧರ್ಮಿಣಿ ನನ್ನನ್ನು ಅಲುಗಿಸಿ ಎಬ್ಬಿಸಿದಳು. ಕೂಸು ಹೊದಿಕೆಯನ್ನು ಒದ್ದುಕೊಂಡಿದ್ದಿತು. ಅದರ ಪಾದಗಳು ಮಂಜಿನ ಗಡ್ಡೆಯಂತಿದ್ದವು. ರೇಡಿಯೇಟರನ್ನು ಮುಟ್ಟಿದೆನು, ಅದೂ ಕಲ್ಲಿನಂತೆ ತಣ್ಣಗಿದ್ದಿತು. ಮನೆಯ ಉಳಿದ ಕೋಣೆಗಳೆಲ್ಲ ಬೆಚ್ಚಗಿದ್ದು, ಕೂಸು ಮಲಗಿದ್ದ ಕೋಣೆಯೊಂದೇ ಶೀತಲವಾಗಿದ್ದಿತು. ಬೆಳಗಿನವರೆಗೆ ಅಜ್ಜಿ ಅದನ್ನು ಎದೆಗೆ ಅವಚಿಕೊಂಡು ಬೇರೆ ಕೋಣೆಯಲ್ಲಿ ಕುಳಿತಿದ್ದಳು. ಪಾಳಿ ಮುಗಿಸಿ ಬಂದ ಮಗಳು ಎಲ್ಲವನ್ನೂ ಕೇಳಿ, “ಹೇಳಿದ್ದರೆ ಕೆಲಸದವರನ್ನು ಕರೆಸುತ್ತಿದ್ದೆವಲ್ಲ, ಅಪ್ಪಯ್ಯ” ಎಂದಷ್ಟೇ ನುಡಿದು ಕೂಸನ್ನು ಎತ್ತಿಕೊಂಡಳು. ಎರಡು ದಿನ ಕೂಸಿಗೆ ನೆಗಡಿಯಿದ್ದಿತು. ಆ ಎರಡು ದಿನ ನಾನು ಯಾರ ಮುಖವನ್ನೂ ನೇರವಾಗಿ ನೋಡಲಿಲ್ಲ.

ಮರುದಿನ ಬಂದ ಕೆಲಸಗಾರನು ಹೆಚ್ಚುಕಡಿಮೆ ನನ್ನ ವಯಸ್ಸಿನವನೇ. ಮುರಿದ ಕಡ್ಡಿಯನ್ನು ನೋಡಿ ನಕ್ಕನೇ ಹೊರತು ಹಳಿಯಲಿಲ್ಲ. ಅವನು ತಿಳಿಸಿದ ತತ್ತ್ವವನ್ನು ಗೃಹಿಣಿಯರು ಇಡ್ಲಿಯ ಪಾತ್ರೆಯಿಂದಲೇ ಊಹಿಸಬಹುದು. ಬಾಯ್ಲರು ಆರಿರುವಾಗ ಕೊಳವೆಗಳಲ್ಲಿಯೂ ರೇಡಿಯೇಟರಿನಲ್ಲಿಯೂ ತುಂಬಿರುವುದು ಗಾಳಿ. ನೀರು ಕುದಿದು ಹಬೆಯಾಗುವಾಗ ಅದರ ಗಾತ್ರ ಸುಮಾರು ೧,೭೦೦ ಮಡಿಯಾಗುತ್ತದೆ. ಆ ಹಬೆ ಮೇಲೇರಬೇಕಾದರೆ ಗಾಳಿ ಎಡೆ ಬಿಡಬೇಕು. ಗಾಳಿಗೆ ಬಾಗಿಲೇ ಆ ಬುರುಡೆಯ ರಂಧ್ರ. ಗಾಳಿಯೆಲ್ಲ ಹೋಗಿ ಹಬೆ ತಗಲಿದೊಡನೆ ಒಳಗಿನ ಭಾಗ ಶಾಖಕ್ಕೆ ಹಿಗ್ಗಿ ರಂಧ್ರವನ್ನು ಮುಚ್ಚುತ್ತದೆ. ಹಬೆ ಕಬ್ಬಿಣಕ್ಕೆ ತಾಗಿ ಮತ್ತೆ ನೀರಾಗುವಾಗ, ಒಂದೊಂದು ಗ್ರಾಮಿಗೆ ಸುಮಾರು ೫೪೦ ಕ್ಯಾಲೊರಿಯಷ್ಟು ಉಷ್ಣವನ್ನು ಬಿಟ್ಟುಕೊಡುತ್ತದೆ. ನಾವು ಪಾಠಗಳಲ್ಲಿ ಗುಪ್ತೋಷ್ಣವೆಂದು ಹೇಳಿಕೊಟ್ಟದ್ದು ಇದನ್ನೇ. ಆ ನೀರು ಬಂದ ಕೊಳವೆಯಲ್ಲಿಯೇ ಇಳಿದು ಬಾಯ್ಲರನ್ನು ಸೇರುತ್ತದೆ. ಬಾಯ್ಲರು ಆರಿದ ಮೇಲೆ ರಂಧ್ರ ತೆರೆದು ಹೊರಗಿನ ಗಾಳಿ ಮರಳಿ ಒಳಹೋಗುತ್ತದೆ. ರೇಚಕ, ಕುಂಭಕ, ಪೂರಕಗಳೆಂಬ ಪ್ರಾಣಾಯಾಮದ ಮೂರು ಅಂಗಗಳನ್ನೂ ಆ ಕಬ್ಬಿಣ ರಾತ್ರಿಯೆಲ್ಲ ನಡೆಸುತ್ತಿದ್ದಿತು. ನಾನು ಅದರ ಮೂಗನ್ನು ಒತ್ತಿಹಿಡಿದಿದ್ದೆನು.

ಮೆಲ್ಲಗೆ ಉಸಿರುಬಿಟ್ಟಂತಹ ಸದ್ದು ಆರೋಗ್ಯದ ಲಕ್ಷಣ. ಸಿಳ್ಳು ಮಾತ್ರ ರೋಗ. ಬಾಯ್ಲರನ್ನು ಆರಿಸಿ ತಣಿಯಗೊಟ್ಟ ಮೇಲೆ ಅವನು ಕಾರಣಗಳನ್ನು ಒಂದೊಂದಾಗಿ ಹುಡುಕಿದನು. ನೆಲಮಾಳಿಗೆಯ ದೊಡ್ಡ ಕೊಳವೆಯ ಕೊನೆಯಲ್ಲಿ ಗಾಳಿಗೆಂದು ಬೇರೊಂದು ಹೆಬ್ಬಾಗಿಲಿರುತ್ತದೆ. ಅದು ತುಕ್ಕಿನಿಂದ ಕಟ್ಟಿಹೋಗಿ, ಕೊಳವೆಗಳ ಗಾಳಿಯೆಲ್ಲ ಕೋಣೆಗಳ ಸಣ್ಣ ರಂಧ್ರಗಳಲ್ಲಿ ನುಗ್ಗುತ್ತಿದ್ದಿತು. ಅದನ್ನು ಬದಲಾಯಿಸಿದನು. ಒಂದು ಚದರಂಗುಲಕ್ಕೆ ಒಂದೂವರೆ ಪೌಂಡು ಒತ್ತಡ ಮನೆಗೆ ಸಾಕಾಗಿರಲು, ಹಿಂದೆ ಯಾರೋ ಬೇಗ ಬೆಚ್ಚಗಾಗಲೆಂದು ಐದು ಪೌಂಡಿಗೆ ಏರಿಸಿಟ್ಟಿದ್ದರು. ಒತ್ತಡ ಹೆಚ್ಚಿದರೆ ಗದ್ದಲ ಹೆಚ್ಚುವುದೇ ಹೊರತು ಸುಖ ಹೆಚ್ಚದೆಂದು ಹೇಳಿ ಅದನ್ನು ಇಳಿಸಿದನು. ಬಿಸಿಯಾದ ಮೇಲೂ ಬಾಯಿಮುಚ್ಚದೆ ಹಬೆಯನ್ನು ಉಗುಳುತ್ತಿದ್ದ ಎರಡು ಬುರುಡೆಗಳನ್ನೂ, ನಾನು ಕೆಡಿಸಿದ್ದನ್ನೂ ತೆಗೆದು ಹೊಸವನ್ನು ಹಾಕಿದನು. ಆಮೇಲೆ ನಮ್ಮ ಗಾರೆ ಕೆಲಸದವರ ರಸಮಟ್ಟದಂತಹುದನ್ನೇ ರೇಡಿಯೇಟರಿನ ಮೇಲಿಟ್ಟು ನೋಡಿ, ನೀರು ಕೊಳವೆಯ ಕಡೆಗೆ ಹರಿಯುವಂತೆ ಅದರ ಆಚೆಯ ಕಾಲುಗಳ ಕೆಳಗೆ ಮರದ ತುಂಡುಗಳನ್ನು ಕೊಟ್ಟನು. ತಿರುಪು ಪೂರ್ತಿ ತೆರೆದಿರಬೇಕು, ಇಲ್ಲವೆ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದರೆ ಇಳಿಯುವ ನೀರು ಸಿಕ್ಕಿಕೊಂಡು, ಏರುವ ಹಬೆಯೊಡನೆ ಹೋರಾಡಿ, ನಾನು ಕೇಳಿದ ಸುತ್ತಿಗೆಯ ಪೆಟ್ಟಾಗುತ್ತದೆ.

ಆ ರಾತ್ರಿ ನಾನು ಬೇಕೆಂದೇ ಎಚ್ಚರವಾಗಿದ್ದೆನು. ಎರಡು ಗಂಟೆಗೆ, ನಿದ್ರಿಸುವ ಮನುಷ್ಯನು ಉಸಿರುಬಿಟ್ಟಂತೆ ಒಂದು ಸಣ್ಣ ಸದ್ದು ಹೊರಟು, ಕೆಲವು ನಿಮಿಷಗಳಲ್ಲಿ ತಾನಾಗಿಯೇ ನಿಂತಿತು. ಕೋಣೆ ಬೆಚ್ಚಗಾಯಿತು. ಕೂಸು ಮಗ್ಗುಲು ಬದಲಿಸಲೂ ಇಲ್ಲ.

ಬೆಳಿಗ್ಗೆ ಕಾಫಿಯ ಹೊತ್ತಿನಲ್ಲಿ ಈ ಪ್ರಾಣಾಯಾಮದ ಹೋಲಿಕೆಯನ್ನು ಮಗಳಿಗೆ ಹೇಳಿದೆನು. ಅವಳು ನಕ್ಕು, “ಏಳನೆಯ ತರಗತಿಯಲ್ಲಿ ನಾನೂ ನಿಮ್ಮ ಶಿಷ್ಯೆಯೇ ಅಲ್ಲವೆ? ಆ ವರ್ಷವೆಲ್ಲ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಅಪ್ಪಯ್ಯ” ಎಂದಳು. ನನ್ನ ತರಗತಿಯ ನಿಶ್ಶಬ್ದವನ್ನು ತನಿಖೆಯವರೆಲ್ಲರೂ ಹೊಗಳಿದ್ದರು. ನಾನೂ ಅದನ್ನೇ ಪಾಂಡಿತ್ಯದ ಫಲವೆಂದು ನಂಬಿದ್ದೆನು. “ಕೇಳಬೇಕೆಂದಿದ್ದುದು ಏನು?” ಎಂದು ಕೇಳಿದೆನು. ಅವಳಿಗೆ ಇನ್ನೂ ಎರಡು ಮೂರು ನೆನಪಿದ್ದವು. ಅಂದು ಅವಳಿಗೆ ರಜೆಯಿದ್ದುದರಿಂದ, ಸವರ್ಣದೀರ್ಘ ಸಂಧಿಯಿಂದಲೇ ಪ್ರಾರಂಭಿಸಿದೆವು.

ಚೈತ್ರದಲ್ಲಿ ನಾವು ಊರಿಗೆ ಮರಳಿದೆವು. ವಾಚಕರಲ್ಲಿ ಯಾರ ಮಕ್ಕಳಾದರೂ ಅಂತಹ ಹಳೆಯ ಮನೆಯಲ್ಲಿದ್ದು, ನೀವು ಚಳಿಗಾಲದಲ್ಲಿ ಅಲ್ಲಿಗೆ ಹೋಗುವುದಾದರೆ ಇಷ್ಟನ್ನು ಮಾತ್ರ ಜ್ಞಾಪಕದಲ್ಲಿಡಿರಿ: ಕಬ್ಬಿಣ ಕೂಗಿದರೆ ಅದರ ಬಾಯಿಯನ್ನು ಮುಚ್ಚಬೇಡಿರಿ, ಬಲ್ಲವರನ್ನು ಕರೆಸಿ ಮೊದಲು ನೆಲಮಾಳಿಗೆಯನ್ನು ನೋಡಿಸಿರಿ. ಹಲ್ಲುಕಡ್ಡಿಯ ಡಬ್ಬಿಯನ್ನು ಮಗಳು ಈಗ ಎತ್ತರದ ಅಟ್ಟದಲ್ಲಿ ಇಟ್ಟಿರುವಳೆಂದು ಅಳಿಯಂದಿರು ಬರೆದಿದ್ದಾರೆ.