ಮೇಜಿನ ಮೇಲೊಂದು ಸರಕು ಅಂಗಳ

ಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ವಿದ್ವತ್ತಿನ ವಿಷಯಗಳನ್ನು ಬಲ್ಲವರಿಗೆ ಬಿಟ್ಟು, ಎರಡು ವರುಷಗಳಿಂದ ನಾನು ಕೈಹಚ್ಚಿರುವ ಕೆಲಸವನ್ನು ಕುರಿತೇ ಬರೆಯುವುದು ಲೇಸೆನಿಸಿತು. ನಿವೃತ್ತಿಯ ನಂತರ ಮನೆಯ ಹಿಂಬದಿಯ ಕೋಣೆಯಲ್ಲಿ ಮಾದರಿ ರೈಲುಮಾರ್ಗವೊಂದನ್ನು ಕಟ್ಟುತ್ತಿದ್ದೇನೆ. ಆಟಿಕೆಯೆಂದು ನಗುವವರು ನಗಲಿ. ಅದರ ಮುಖ್ಯ ಅಂಗವು ಪ್ರಯಾಣಿಕರ ನಿಲ್ದಾಣವಲ್ಲ. ಹಡಗು, ರೈಲು, ಲಾರಿ ಈ ಮೂರಕ್ಕೂ ಒಗ್ಗುವ ಕಂಟೇನರ್ ಪೆಟ್ಟಿಗೆಗಳನ್ನು ಇಳಿಸಿ ಏರಿಸುವ ಸರಕು ಅಂಗಳ.

ಈ ಪೆಟ್ಟಿಗೆಯ ಇತಿಹಾಸ ದೀರ್ಘವಾದುದೇನಲ್ಲ. ೧೯೫೬ರ ಏಪ್ರಿಲ್ ೨೬ರಂದು ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಉದ್ಯಮಿಯ ‘ಐಡಿಯಲ್ ಎಕ್ಸ್’ ಹಡಗು ೫೮ ಪೆಟ್ಟಿಗೆಗಳನ್ನು ಹೊತ್ತು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ೧೯೮೧ರಲ್ಲಿ ನಮ್ಮ ಬೆಂಗಳೂರಿನಲ್ಲಿ ಒಳನಾಡು ಕಂಟೇನರ್ ಡಿಪೋ ಆರಂಭವಾಯಿತು. ಇಂದು ವೈಟ್‌ಫೀಲ್ಡಿನಲ್ಲಿರುವ ಡಿಪೋವೇ ನನ್ನ ಅಂಗಳಕ್ಕೆ ಪ್ರೇರಣೆ.

ಮಾದರಿ ರೈಲಿನವರು ಬಳಸುವ ಅಳತೆಗಳಲ್ಲಿ ನಾನು ಆರಿಸಿಕೊಂಡದ್ದು ೮೭ಕ್ಕೆ ೧ರ ಪ್ರಮಾಣ. ಇದರಲ್ಲಿ ೪೦ ಅಡಿಯ ಪೆಟ್ಟಿಗೆ ೧೪೦ ಮಿಲಿಮೀಟರು, ೨೦ ಅಡಿಯದು ೭೦ ಮಿಲಿಮೀಟರು. ನಮ್ಮ ಬ್ರಾಡ್‌ಗೇಜಿನ ೧೬೭೬ ಮಿಲಿಮೀಟರು ಲೆಕ್ಕದ ಪ್ರಕಾರ ೧೯ಕ್ಕೆ ತುಸು ಮಿಕ್ಕಬೇಕು; ಅಂಗಡಿಯಲ್ಲಿ ದೊರೆಯುವ ಹಳಿ ವಿದೇಶದ ಗೇಜಿಗೆ ತಕ್ಕಂತೆ ಹದಿನಾರೂವರೆಯದು. ಈ ರಾಜಿಗೆ ಒಪ್ಪಿದೆ. ಆದರೆ ಉದ್ದದ ವಿಷಯದಲ್ಲಿ ರಾಜಿ ಅಷ್ಟು ಸುಲಭವಾಗಿರಲಿಲ್ಲ. ನಿಜವಾದ ಕಂಟೇನರ್ ರೈಲಿನಲ್ಲಿ ಐದೈದರ ಗುಂಪಿನಂತೆ ೪೫ ವ್ಯಾಗನ್ನುಗಳು, ಒಂದೊಂದರ ಮೇಲೆ ೨೦ ಅಡಿಯ ಎರಡು ಪೆಟ್ಟಿಗೆಗಳು. ಅದನ್ನು ಕುಗ್ಗಿಸಿದರೂ ಏಳು ಮೀಟರು. ನನ್ನ ಕೋಣೆಯ ಉದ್ದವೋ ೧೬ ಅಡಿ! ಆದ್ದರಿಂದ ಮೂರು ಗುಂಪುಗಳ, ಅಂದರೆ ೧೫ ವ್ಯಾಗನ್ನುಗಳ ರೈಲಿಗೆ ತೃಪ್ತನಾದೆ. ಅದು ಸುಮಾರು ಏಳೂವರೆ ಅಡಿ.

ಇನ್ನು ವಿನ್ಯಾಸ. ಇಂಥ ಅಂಗಳದ ನಕ್ಷೆಯನ್ನು ನಿರ್ಧರಿಸುವುದು ಹಳಿಯಲ್ಲ, ಪೆಟ್ಟಿಗೆಯೆತ್ತುವ ಯಂತ್ರ. ಹಳಿಗಳ ಮೇಲೆ ಕಮಾನಿನಂತೆ ನಿಲ್ಲುವ ಗ್ಯಾಂಟ್ರಿ ಕ್ರೇನಾದರೆ ಅದರ ಕಾಲುಗಳ ನಡುವೆ ಹಲವು ಹಳಿ, ಲಾರಿಯ ದಾರಿ, ಪೆಟ್ಟಿಗೆಗಳ ಸಾಲು ಎಲ್ಲವೂ ಅಡಗುತ್ತವೆ. ಚಕ್ರಗಳ ಮೇಲೆ ಓಡಾಡುತ್ತ ಉದ್ದನೆಯ ತೋಳು ಚಾಚುವ ರೀಚ್ ಸ್ಟ್ಯಾಕರ್ ಆದರೆ ಹಳಿಯ ಪಕ್ಕದಲ್ಲೇ ಅದು ತಿರುಗುವಷ್ಟು ಅಗಲವಾದ ಗಟ್ಟಿನೆಲ ಬೇಕು. ತೋಳು ಚಾಚಿದಷ್ಟೂ ಅದರ ಎತ್ತುವ ಶಕ್ತಿ ಕುಂದುವುದರಿಂದ ಎರಡಕ್ಕಿಂತ ಹೆಚ್ಚು ಹಳಿಗಳಿಂದ ಪ್ರಯೋಜನವಿಲ್ಲ. ನಾನು ಎರಡನೆಯದನ್ನೇ ಆರಿಸಿದೆ.

ಯಂತ್ರ ಮೇಲಿನಿಂದ ಎತ್ತುವುದಾದ್ದರಿಂದ ಪೆಟ್ಟಿಗೆಯಿಳಿಸುವ ಹಳಿಯ ಮೇಲೆ ವಿದ್ಯುತ್ ತಂತಿ ಇರಕೂಡದು. ಇದನ್ನು ಅನೇಕ ಹವ್ಯಾಸಿಗಳು ಮರೆಯುತ್ತಾರೆ. ವಿದ್ಯುತ್ ಎಂಜಿನ್ನು ತಂತಿಯಿರುವ ಹಳಿಯಲ್ಲೇ ಬಿಡುಗಡೆಗೊಂಡು, ಡೀಸೆಲ್ ಎಂಜಿನ್ನು ಹಿಂದಿನಿಂದ ರೈಲನ್ನು ಒಳಕ್ಕೆ ತಳ್ಳಬೇಕು. ತಳ್ಳುವುದಕ್ಕೆ ಮೊದಲು ಇಡೀ ರೈಲು ಪಾಯಿಂಟುಗಳ ಆಚೆ ನಿಲ್ಲಲು ಮತ್ತೆ ಏಳೂವರೆ ಅಡಿ ಬೇಕು. ಪಾಯಿಂಟುಗಳಿಗೆ ಮೂರಡಿ. ಒಟ್ಟು ೧೮ ಅಡಿ. ಕೊನೆಗೆ ಗೋಡೆಯಲ್ಲಿ ಕಿಂಡಿ ಕೊರೆದು ಹಳಿಯನ್ನು ಉಗ್ರಾಣದ ಜೋಳದ ಡಬ್ಬಿಗಳ ಹಿಂದಕ್ಕೆ ಒಯ್ದದ್ದಾಯಿತು. ಈ ಕುರಿತು ಮನೆಯವರ ಅಭಿಪ್ರಾಯವನ್ನು ಇಲ್ಲಿ ಬರೆಯತಕ್ಕದ್ದಲ್ಲ.

ಎಲ್ಲವೂ ನಕ್ಷೆಯಲ್ಲಿ ಕೂಡಿಬಂದ ದಿನ ನನ್ನ ಮೊಮ್ಮಗ ಬಗ್ಗಿ ನೋಡಿ, “ಅಜ್ಜಾ, ಇದರಾಗ ಮಂದೀನ ಇಲ್ಲಲ್ಲ?” ಎಂದು ಕೇಳಿದ.

ನಮ್ಮ ತಂದೆಯವರು ಹುಬ್ಬಳ್ಳಿಯ ಗೂಡ್ಸ್ ಶೆಡ್ಡಿನಲ್ಲಿ ಹಮಾಲರಾಗಿದ್ದರು. ಹತ್ತಿಯ ಅಂಡಿಗೆ, ಜೋಳದ ಚೀಲ, ಮೆಣಸಿನಕಾಯಿ, ಏನು ಬಂದರೂ ಬೆನ್ನಿನ ಮೇಲೆಯೇ. ಆಗ ಮೀಟರ್‌ಗೇಜಿನ ಕಾಲ. ಗೇಜು ಬದಲಾಗುವ ಹೊಟಗಿಯಂಥ ನಿಲ್ದಾಣದಲ್ಲಿ ಅದೇ ಸರಕನ್ನು ಮತ್ತೊಂದು ಗುಂಪು ಮತ್ತೊಮ್ಮೆ ಹೊರಬೇಕಾಗುತ್ತಿತ್ತು. ರಾತ್ರಿ ಮನೆಗೆ ಬಂದಾಗ ತಾಯಿಯವರು ಬೆನ್ನಿಗೆ ಬಿಸಿನೀರಿನ ಅರಿವೆ ಇಡುತ್ತಿದ್ದರು. ನನ್ನನ್ನು ಈ ಶಾಲೆಗೆ ಕಳಿಸಿದ್ದು ಆ ದುಡಿಮೆಯಿಂದಲೇ. ಒಂದು ೨೦ ಅಡಿಯ ಪೆಟ್ಟಿಗೆಯಲ್ಲಿ ೨೦ ಟನ್ನು ಸರಕೆಂದರೆ ೧೦೦ ಕಿಲೋ ತೂಗುವ ೨೦೦ ಚೀಲ. ಅಷ್ಟನ್ನೂ ಯಂತ್ರವೊಂದು ಎರಡು ಮೂರು ನಿಮಿಷಗಳಲ್ಲಿ ಎತ್ತಿಡುತ್ತದೆ. ಅದನ್ನು ಕಂಡಾಗಲೆಲ್ಲ ತಂದೆಯವರ ಬೆನ್ನು ಉಳಿಯುತ್ತಿತ್ತಲ್ಲ ಎಂದು ನೆಮ್ಮದಿಯೂ, ಅಂದಿನ ಕೂಲಿ ಎಲ್ಲಿಂದ ಬರುತ್ತಿತ್ತು ಎಂದು ಕಳವಳವೂ ಒಟ್ಟಿಗೇ ಆಗುವುದುಂಟು. ಇವೆರಡರಲ್ಲಿ ಯಾವುದು ಹೆಚ್ಚೆಂದು ತೀರ್ಮಾನಿಸಲು ನನ್ನಿಂದ ಇನ್ನೂ ಆಗಿಲ್ಲ.

ಆದರೂ ಹುಡುಗನ ಪ್ರಶ್ನೆಯಲ್ಲಿ ವಿನ್ಯಾಸದ ನ್ಯಾಯವೂ ಇತ್ತು. ಪೆಟ್ಟಿಗೆ ತಾನಾಗಿ ತುಂಬಿಕೊಳ್ಳುವುದಿಲ್ಲ. ಅಂಗಳದ ಬದಿಯ ಶೆಡ್ಡಿನಲ್ಲಿ ಇಂದಿಗೂ ಎಷ್ಟೋ ಸರಕನ್ನು ಮನುಷ್ಯರೇ ಹೊತ್ತು ಒಳಗೆ ಜೋಡಿಸುತ್ತಾರೆ. ಹೊರೆ ಮರೆಯಾಗಿಲ್ಲ, ಕಣ್ಣಿಗೆ ಬೀಳದ ಕಡೆ ಸರಿದಿದೆ. ಪೆಟ್ಟಿಗೆ ತುಂಬುವ ಅಂಥದೊಂದು ಶೆಡ್ಡನ್ನು ಸೇರಿಸಲು, ಪೆಟ್ಟಿಗೆಗಳ ಒಂದು ಸಾಲನ್ನು ಪೂರ್ತಿಯಾಗಿ ತೆಗೆಯಬೇಕಾಯಿತು. ಈ ಹವ್ಯಾಸದ ಮಿತ್ರರೊಬ್ಬರು ಇದನ್ನು ಸ್ಥಳದ ಅಪವ್ಯಯವೆಂದರು. ಇರಲಿ.

ಶೆಡ್ಡಿನ ಕಟ್ಟೆಯ ಎತ್ತರ ಲಾರಿಯ ತಳಕ್ಕೆ ಸರಿಯಾಗಿದೆ. ಬಾಗಿಲು ತೆರೆದ ಪೆಟ್ಟಿಗೆಯೊಂದನ್ನು ರಟ್ಟಿನಿಂದ ಮಾಡಿದ್ದೇನೆ. ಎಂಟು ಜನ ಹಮಾಲರು, ಒಬ್ಬೊಬ್ಬರೂ ಎರಡು ಸೆಂಟಿಮೀಟರಿಗಿಂತ ಎತ್ತರವಿಲ್ಲ. ಆರು ಜನರಿಗೆ ಮೊಮ್ಮಗ ಬಣ್ಣ ಹಚ್ಚಿ ಮುಗಿಸಿದ್ದಾನೆ. ಉಳಿದಿಬ್ಬರ ತಲೆಯ ರುಮಾಲಿಗೆ ಯಾವ ಬಣ್ಣವೆಂದು ನನ್ನನ್ನು ಕೇಳಿದ. ತಂದೆಯವರದು ಕೆಂಪು ರುಮಾಲು, ತೊಳೆದು ತೊಳೆದು ಇಟ್ಟಂಗಿಯ ಬಣ್ಣಕ್ಕೆ ಇಳಿದಿತ್ತೆಂದು ಹೇಳಿದ್ದೇನೆ.