ಹಿನ್ನೆಲೆಬಾಕನ ಸಿನಿಮಾ

ಮೂಕಿ ಕಾಲದ ಸಾಹಸ ಧಾರಾವಾಹಿಗಳನ್ನು ನೋಡುವವರಲ್ಲಿ ಎರಡು ಪಂಗಡ. ನಾಯಕಿ ಉಳಿಯುತ್ತಾಳೋ ಇಲ್ಲವೋ ಎಂದು ಉಗುರು ಕಚ್ಚುವವರದು ಒಂದು. ಇನ್ನೂ ಅಷ್ಟು ಕಂತು ಬಾಕಿ ಇರುವಾಗ ಅವಳು ಸಾಯುವುದುಂಟೇ ಎಂದು ನೆಮ್ಮದಿಯಾಗಿ ಅವಳ ಹಿಂದಿನ ಬಂಡೆ, ಬೇಲಿ, ತಂತಿಕಂಬಗಳನ್ನು ನೋಡುತ್ತ ಕೂರುವವರದು ಇನ್ನೊಂದು. ನಾನು ಎರಡನೆಯ ಪಂಗಡದವನು. ಹೆಸರು ಬೇಕೆಂದರೆ, ಹಿನ್ನೆಲೆಬಾಕ.

1914ರ ‘ದಿ ಪೆರಿಲ್ಸ್ ಆಫ್ ಪಾಲೀನ್’ ತೆಗೆದುಕೊಳ್ಳಿ. ಪಾಲೀನಳಿಗೆ ಮದುವೆಗೆ ಮೊದಲು ಒಂದಿಷ್ಟು ಸಾಹಸ ಬೇಕು. ಅವಳ ಆಸ್ತಿ ನೋಡಿಕೊಳ್ಳುವ ಕಾರ್ಯದರ್ಶಿಗೆ ಆಸ್ತಿಯೇ ಬೇಕು. ಕಥೆ ಇಷ್ಟೆ. ಮಿಕ್ಕಿದ್ದೆಲ್ಲ 20 ಕಂತುಗಳ ಉದ್ದಕ್ಕೂ ಪರ್ಲ್ ವೈಟ್ ಎಂಬ ಗಟ್ಟಿಗಿತ್ತಿಯ ಓಡುವಿಕೆ, ಬೀಳುವಿಕೆ, ಮತ್ತೆ ಏಳುವಿಕೆ. ಈಗ ಉಳಿದಿರುವುದು ಒಂಬತ್ತು ಕಂತಿಗೆ ಕುಗ್ಗಿಸಿದ ಆವೃತ್ತಿ. ನನ್ನಂಥ ಸೋಮಾರಿಗೆ ಅದೇ ಧಾರಾಳ. ಅದರಲ್ಲಿ ಬಲೂನಿನಲ್ಲಿ ತೇಲಿಹೋದ ಪಾಲೀನ್ ಹಗ್ಗ ಹಿಡಿದು ಕಡಿದಾದ ಬಂಡೆಯೊಂದಕ್ಕೆ ಇಳಿಯುತ್ತಾಳೆ. ಲೋಕವೆಲ್ಲ ಹಗ್ಗ ನೋಡುವಾಗ ನನ್ನ ಕಣ್ಣು ಬಂಡೆಯ ಮೇಲೆ.

ಎಂಥ ಬಂಡೆ ಅಂತೀರಿ! ಹಡ್ಸನ್ ನದಿಯ ಪಶ್ಚಿಮ ದಂಡೆಯಲ್ಲಿ ನ್ಯೂಜೆರ್ಸಿಯ ಪಾಲಿಸೇಡ್ಸ್ ಹೀಗೆಯೇ ಸಾಲಾಗಿ, ನೆಟ್ಟಗೆ ನಿಂತಿದೆ. ನೆಲದಡಿ ಶಿಲಾರಸ ಹೆಪ್ಪುಗಟ್ಟಿ ಸುಮಾರು 20 ಕೋಟಿ ವರ್ಷವಾಯಿತು. ಅಷ್ಟು ಕಾಲ ಯಾವ ಪಾತ್ರವೂ ಸಿಗದೆ ಕಾದು, ಕೊನೆಗೆ ಪರ್ಲ್ ವೈಟ್ ಬಂದಾಗ ಒಂದಿಷ್ಟೂ ಅಳುಕದೆ ನಟಿಸಿಬಿಟ್ಟಿತು. ಇದರ ನೆತ್ತಿಯ ಮೇಲಿನ ಊರು ಫೋರ್ಟ್ ಲೀ. ಹಾಲಿವುಡ್ ಹಾಲಿವುಡ್ಡಾಗುವ ಮೊದಲು ಸಿನಿಮಾದವರ ಠಾವು ಇದೇ. ಜಾರ್ಜ್ ವಾಷಿಂಗ್ಟನ್ ಸೇತುವೆ ತೆರೆದದ್ದು 1931ರಲ್ಲಿ; ಅದಕ್ಕೆ ಮೊದಲು ನ್ಯೂಯಾರ್ಕಿನ ನಟನಟಿಯರು ದೋಣಿಯಲ್ಲಿ ನದಿ ದಾಟಿ, ಟ್ರಾಮು ಹತ್ತಿ ಮೇಲೇರಬೇಕಿತ್ತು. ಬೆಟ್ಟದಿಂದ ತಳ್ಳಿಸಿಕೊಳ್ಳಲು ಇಷ್ಟು ಶ್ರಮಪಟ್ಟು ಬೆಟ್ಟ ಹತ್ತುವವರ ಮೇಲೆ ನನಗೆ ವಿಶೇಷ ಗೌರವ.

ಅಲ್ಲೇ ಕಾಯ್ಟ್ಸ್‌ವಿಲ್‌ನಲ್ಲಿ ರ‍್ಯಾಂಬೋ ಎಂಬವರ ಹೋಟೆಲಿತ್ತು. ನಟರು ವೇಷ ಕಟ್ಟುತ್ತಿದ್ದದ್ದು, ಉಣ್ಣುತ್ತಿದ್ದದ್ದು ಅಲ್ಲಿ. ಕೌಬಾಯ್ ಚಿತ್ರಗಳಲ್ಲಿ ಪಡುವಣದ ಸಾರಾಯಿ ಅಂಗಡಿಯಾಗುತ್ತಿದ್ದದ್ದೂ ಅದೇ ಕಟ್ಟಡ. ಯಕ್ಷಗಾನದ ವೇಷಧಾರಿ ರಂಗದಲ್ಲಿ ಒಂದು ಸುತ್ತು ಹಾಕಿ ಹಸ್ತಿನಾವತಿಯಿಂದ ಕಾಡಿಗೆ ಬಂದುಬಿಡುವಂತೆ, ಇಲ್ಲಿ ಕ್ಯಾಮೆರಾ ಒಂಚೂರು ತಿರುಗಿದರೆ ಸಾಕು, ನ್ಯೂಜೆರ್ಸಿ ಅಳಿಸಿಹೋಗುತ್ತಿತ್ತು.

ನಮ್ಮ ದೇಶವೂ ಹೀಗೆ ಹುಟ್ಟಿಕೊಂಡದ್ದುಂಟು. 1913ರ ಕೊನೆಗೆ ಶುರುವಾದ ‘ದಿ ಅಡ್ವೆಂಚರ್ಸ್ ಆಫ್ ಕ್ಯಾಥ್ಲಿನ್’ ಎಂಬ 13 ಕಂತಿನ ಧಾರಾವಾಹಿಯಲ್ಲಿ ಅಮೆರಿಕದ ಹುಡುಗಿಯೊಬ್ಬಳು ತಂದೆಯನ್ನು ಹುಡುಕುತ್ತ ಭಾರತಕ್ಕೆ ಬಂದು, ಯಾವ ಭೂಪಟದಲ್ಲೂ ಸಿಗದ ಅಲ್ಲಾಹಾ ಎಂಬ ಸಂಸ್ಥಾನದ ರಾಣಿಯಾಗಿಬಿಡುತ್ತಾಳೆ. ಸಿಂಹ, ಚಿರತೆಗಳೆಲ್ಲ ನಿರ್ಮಾಪಕ ಸೆಲಿಗ್ ಸಾಹೇಬರ ಸ್ವಂತ ಸಾಕಾಣಿಕೆ. ಹೆಚ್ಚಿನ ಭಾಗ ಕಳೆದುಹೋಗಿದೆ ಎನ್ನುವುದೇ ನನ್ನ ಸಂಕಟ. ರಾಣಿಯ ಗತಿ ಏನಾದರಾಗಲಿ, ಆ ಅಲ್ಲಾಹಾದ ಬೇಲಿಯಾಚೆ ಅಮೆರಿಕದ ಯಾವ ಮರ ಇಣುಕುತ್ತಿತ್ತು ಎಂಬುದು ತಿಳಿಯದೇ ಹೋಯಿತಲ್ಲ.

ಆ ಹಸಿವು ತೀರುವುದು ಪ್ಯಾರಿಸ್ಸಿನಲ್ಲಿ. ಲೂಯಿ ಫೂಯಾದ್ 1915–16ರಲ್ಲಿ ‘ಲೆ ವ್ಯಾಂಪೀರ್’ನ ಹತ್ತು ಕಂತು ತೆಗೆದಾಗ ಮಹಾಯುದ್ಧ ನಡೆದಿತ್ತು. ಹೊರಾಂಗಣದಲ್ಲಿ ನಿಜವಾದ ಬೀದಿಗಳೇ, ಅವೂ ಬಿಕೋ ಎನ್ನುವ ಬೀದಿಗಳು. ಕಳ್ಳಕೂಟದ ಇರ್ಮಾ ವೆಪ್ ಆಗಿ ಮ್ಯೂಸಿಡೋರಾ ಮೈಗಂಟಿದ ಕಪ್ಪುಡುಗೆಯಲ್ಲಿ ರಾತ್ರಿಯ ಸೂರುಗಳ ಮೇಲೆ ಹರಿದಾಡುತ್ತಾಳೆ. ಕೆಳಗೆ ಬೂದುಬಣ್ಣದ ಗೋಡೆಗಳು, ಮುಚ್ಚಿದ ಕಿಟಕಿಗಳು. ಕಳ್ಳರು ಇನ್ನೂ ಬಾರದ ಬೀದಿಯನ್ನೂ ಹಾಗೇ ನೋಡುತ್ತಿರಬಹುದು. ಕೊನೆಗೆ ಅವಳು ಸಿಕ್ಕಿಬಿದ್ದಳೇ ಎಂದು ಮಾತ್ರ ನನ್ನನ್ನು ಕೇಳಬೇಡಿ. ಹತ್ತನೆಯ ಕಂತಿಗೆ ನಾನಿನ್ನೂ ಹೋಗಿಲ್ಲ, ಕಿಟಕಿಗಳೇ ಮುಗಿದಿಲ್ಲ.